ಹೂಬಳ್ಳಿ ಕೆತ್ತಿದ ಕೋವಿ ಬೇಡವೆಂದ ಅಪ್ಪ

2024ರ ಲೋಕಸಭಾ ಚುನಾವಣೆ ಘೋಷಣೆಯಾದ ಕೆಲವು ದಿನಕ್ಕೆ ಅಪ್ಪನ ಜೊತೆ ನಾವಿಬ್ಬರೂ ಪೊಲೀಸ್ ಠಾಣೆಗೆ ಹೋದೆವು. ಕೋವಿ ಡಿಪಾಸಿಟ್ ಮಾಡಬೇಕಿತ್ತು. ಹಳ್ಳಿಯಲ್ಲಿರುವ ನಿಮಗೆ ಇದು ಹೊಸದಲ್ಲ. ಚುನಾವಣೆ ಬಂತೆಂದರೆ ಗೋಡೆಯ ಮೊಳೆಯಿಂದ ಕೋವಿ ಇಳಿಯುತ್ತದೆ, ಠಾಣೆ ಸೇರುತ್ತದೆ. ಅಲ್ಲಿಂದ ಫಲಿತಾಂಶ ಬರುವವರೆಗೆ ಹಂದಿ, ಮಂಗ, ನವಿಲುಗಳಿಗೆ ಹಬ್ಬ.

ಕೋವಿ ಅಪ್ಪನ ಕೈಯಲ್ಲೇ ಇತ್ತು. ಲೈಸೆನ್ಸ್ ಅವರ ಹೆಸರಿಗಿರುವುದರಿಂದ ಬೇರೆಯವರು ಹೊರುವಂತಿಲ್ಲ. ಹಳೇ ಪಂಚೆಯಲ್ಲಿ ಸುತ್ತಿ, ಅಡಿಕೆ ದಬ್ಬೆಯ ಹಗ್ಗ ಕಟ್ಟಿ ಮಗುವಿನ ಹಾಗೆ ಹಿಡಿದುಕೊಂಡಿದ್ದರು. ಠಾಣೆಯ ಜಗಲಿಯಲ್ಲಿ ನಮಗಿಂತ ಮೊದಲೇ ಹತ್ತಾರು ಜನ ಬಂದು ಕೂತಿದ್ದರು. ಗೋಡೆಗೆ ಒರಗಿಸಿದ್ದ ಕೋವಿಗಳನ್ನು ನಾವು ಒಂದೊಂದಾಗಿ ನೋಡುತ್ತಾ ಹೋದೆವು. ಎಲ್ಲವೂ ಹೆಚ್ಚು ಕಡಿಮೆ ಒಂದೇ ಥರ. ಕಪ್ಪು ನಳಿಗೆ, ಕೈಯ ಬೆವರಿಗೆ ಬಣ್ಣ ತಿರುಗಿದ ಮರದ ಹಿಡಿ, ಒಂದು ಕುದುರೆ. ಕೆಲವಕ್ಕೆ ಹಿಡಿ ಒಡೆದು ತಗಡಿನ ಪಟ್ಟಿ ಹೊಡೆದಿದ್ದರು. ಮೂರ್ನಾಲ್ಕು ಹಳೇ ಕೇಪಿನ ಕೋವಿಗಳೂ ಇದ್ದವು.

ಸಾಲಿನ ಕೊನೆಯಲ್ಲಿ ಒಬ್ಬ ಯುವಕ ಕೂತಿದ್ದ. ಅವನದು ಮಾತ್ರ ಬೇರೆ. ಜಿಪ್ ಹಾಕಿದ ಚರ್ಮದ ಚೀಲ, ಒಳಗೆ ಬೆಳ್ಳಿಯ ಹಾಗೆ ಹೊಳೆಯುವ ಜೋಡಿ ನಳಿಗೆಯ ಕೋವಿ, ಅದರ ಪಕ್ಕೆಯ ಮೇಲೆ ಹೂಬಳ್ಳಿಯ ಕೆತ್ತನೆ. ಎಲ್ಲರೂ ಎದ್ದು ಹೋಗಿ ನೋಡಿದರು, ಬೆಲೆ ಕೇಳಿದರು. ಅಪ್ಪ ಮಾತ್ರ ಕೂತಲ್ಲಿಂದ ಏಳಲಿಲ್ಲ. ನಾವೂ ಏಳಲಿಲ್ಲ. ಯಾಕೆಂದರೆ ಅಂಥದ್ದೇ ಒಂದು ಕೋವಿ ಒಂದು ಕಾಲದಲ್ಲಿ ನಮ್ಮ ಮನೆಯಲ್ಲೂ ಇತ್ತು.

ನಮ್ಮ ಪರಿಚಯ ಸ್ವಲ್ಪ ಹೇಳಬೇಕು. ನಾವು ಅಣ್ಣ ತಂಗಿ. ಒಬ್ಬರಾದ ಮೇಲೊಬ್ಬರು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿದವರು. ಊರು ಭದ್ರಾವತಿ ತಾಲೂಕಿನ ಕಾಡಂಚು. ಒಂದೂವರೆ ಎಕರೆ ಅಡಿಕೆ ತೋಟ, ಅದರ ಮೇಲ್ಗಡೆ ಜೋಳದ ಹೊಲ, ಹೊಲ ಮುಗಿದಲ್ಲಿ ಕಾಡು. ಅಪ್ಪ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಶಿಫ್ಟ್ ಮುಗಿಸಿ ಸೈಕಲ್ಲಿನಲ್ಲಿ ಬಂದು ತೋಟಕ್ಕೆ ನೀರು ಬಿಡುತ್ತಿದ್ದರು. 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ, ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಆ ಕಾರ್ಖಾನೆಯಲ್ಲಿ ಲೇತ್ ಹಿಡಿದವರಿಗೆ ಒಂದು ಅಭ್ಯಾಸವಿದೆ. ಯಾವ ಸಾಮಾನು ಕೈಗೆ ಬಂದರೂ ಮೊದಲು ಹೊಳಪು ನೋಡುವುದಿಲ್ಲ, ಅಳತೆ ನೋಡುತ್ತಾರೆ. ಅಪ್ಪ ಮದುವೆ ಮನೆಯ ಚಮಚವನ್ನೂ ಹಾಗೇ ತಿರುಗಿಸಿ ನೋಡುವವರು.

ಹೂಬಳ್ಳಿಯ ಕೋವಿ ದೊಡ್ಡಪ್ಪನದಾಗಿತ್ತು. ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟದ ಮನೆಯವರು ಮಾರಿದ್ದನ್ನು ಕಾಗದಪತ್ರ ಸರಿ ಮಾಡಿಸಿ ಕೊಂಡಿದ್ದರು. ವಿಲಾಯತಿ ಮಾಲು, 12 ಬೋರ್, ಜೋಡಿ ನಳಿಗೆ. ಎರಡೂ ಪಕ್ಕದಲ್ಲಿ ಹಕ್ಕಿ, ಎಲೆ, ಬಳ್ಳಿ. ಕುದುರೆಗಳು ಹೊರಗೆ ಕಾಣುತ್ತಿರಲಿಲ್ಲ, ಒಳಗೇ ಇದ್ದವು. ಆಯುಧಪೂಜೆಯ ದಿನ ದೊಡ್ಡಪ್ಪ ಅದನ್ನು ಮಣೆಯ ಮೇಲಿಟ್ಟರೆ ಊರವರು ಬಂದು ನೋಡಿ ಹೋಗುತ್ತಿದ್ದರು. ನೆಂಟರು ಬಂದರೆ ಕಾಫಿಗಿಂತ ಮೊದಲು ಕೋವಿ ಹೊರಗೆ ಬರುತ್ತಿತ್ತು. ಅದು ನಮ್ಮ ಮನೆಯ ಒಡವೆ ಆಗಿತ್ತು.

ಒಂದು ಮಳೆಗಾಲದ ರಾತ್ರಿ ಜೋಳಕ್ಕೆ ಹಂದಿ ಬಿತ್ತು. ದೊಡ್ಡಪ್ಪ ಹೋಗಿ ಗಾಳಿಗೆ ಒಂದು ಈಡು ಹಾರಿಸಿದರು. ಹಂದಿಗಳು ಓಡಿದವು. ಅಷ್ಟರಲ್ಲಿ ಮಳೆ ಜೋರಾಯಿತು. ಅವರು ಓಡೋಡಿ ಮನೆಗೆ ಬಂದು, ಕೋವಿ ಒರೆಸಿ, ನಡುಮನೆಯ ಮೂಲೆಗೆ ಒರಗಿಸಿ ಮಲಗಿದರು. ಹಾರಿದ್ದು ಒಂದು ನಳಿಗೆ. ಇನ್ನೊಂದರಲ್ಲಿ ತೋಟಾ ಹಾಗೇ ಇತ್ತು. ಕುದುರೆ ಒಳಗಿದ್ದರಿಂದ ಅದು ಎದ್ದಿದೆಯೋ ಮಲಗಿದೆಯೋ ಹೊರಗಿನಿಂದ ನೋಡಿದವರಿಗೆ ಗೊತ್ತಾಗುವಂತಿರಲಿಲ್ಲ.

ಬೆಳಿಗ್ಗೆ ದೊಡ್ಡವರೆಲ್ಲ ಹೊಲ ನೋಡಲು ಹೋಗಿದ್ದರು. ನಾವಿಬ್ಬರೇ ಮನೆಯಲ್ಲಿ. ಒಬ್ಬರಿಗೆ ಒಂಬತ್ತು ವರ್ಷ, ಇನ್ನೊಬ್ಬರಿಗೆ ಏಳು. ಕೆತ್ತನೆಯ ಹಕ್ಕಿಯನ್ನು ಮುಟ್ಟಿ ನೋಡಬೇಕೆಂಬ ಆಸೆ ಇಬ್ಬರಿಗೂ ಬಹಳ ದಿನದಿಂದ ಇತ್ತು. ಒಬ್ಬರು ಕೋವಿ ಎತ್ತಿದೆವು. ಇನ್ನೊಬ್ಬರು ಎರಡು ಮಾರು ದೂರದಲ್ಲಿ ಭತ್ತದ ಪಣತದ ಹತ್ತಿರ ನಿಂತಿದ್ದೆವು. ಯಾರು ಎತ್ತಿದ್ದು, ಯಾರು ನಿಂತಿದ್ದು ಎಂದು ಇಲ್ಲಿ ಬರೆಯುವುದಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಮನೆಯಲ್ಲೂ ಹೇಳಿರಲಿಲ್ಲ.

ಈಡು ಮಾಡಿಗೆ ಹೋಯಿತು. ಹಂಚು ಪುಡಿಯಾಗಿ ತಲೆ ಮೇಲೆ ಸುರಿಯಿತು. ತೊಲೆಯ ಮೇಲೆ ಚರೆ ಬಡಿದ ಗುರುತು ಇವತ್ತಿಗೂ ಇದೆ. ನಿಂತಿದ್ದವರ ತಲೆಯಿಂದ ಆ ಗುರುತಿಗೆ ಹೆಚ್ಚೆಂದರೆ ಮೂರು ಮೊಳ. ಅಪ್ಪ ಅಮ್ಮ ಓಡಿ ಬಂದಾಗ ಕೋವಿ ನೆಲದ ಮೇಲಿತ್ತು, ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅಳುತ್ತಿದ್ದೆವು. ಯಾರೂ ನಮ್ಮನ್ನು ಹೊಡೆಯಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು.

ದೊಡ್ಡಪ್ಪ ಆಮೇಲೆ ಕೋವಿ ಮುಟ್ಟಲಿಲ್ಲ. ಅದನ್ನು ಲೈಸೆನ್ಸ್ ಇರುವ ಅಂಗಡಿಗೆ ಕೊಟ್ಟು ಬಂದರು. ಆದರೆ ಹಂದಿ ಬರುವುದು ನಿಲ್ಲಲಿಲ್ಲ. ಮುಂದಿನ ವರ್ಷ ಅಪ್ಪ ತಮ್ಮ ಹೆಸರಿಗೆ ಅರ್ಜಿ ಹಾಕಿ, ಬಿಹಾರದ ಮುಂಗೇರ್‌ನ ಒಂದು ಲೈಸೆನ್ಸ್ ಕಾರ್ಖಾನೆಯಲ್ಲಿ ತಯಾರಾದ ಒಂಟಿ ನಳಿಗೆಯ ಕೋವಿ ತಂದರು. ಕೆತ್ತನೆ ಇಲ್ಲ, ಹೊಳಪಿಲ್ಲ. ಕುದುರೆ ಹೊರಗೇ, ಕಣ್ಣಿಗೆ ಕಾಣುವ ಹಾಗಿದೆ. ಅಂಗಡಿಯವರು ಅದೇ ದುಡ್ಡಿಗೆ ಸ್ವಲ್ಪ ಚೆಂದದ್ದು ತೋರಿಸಿದರಂತೆ. ಅಪ್ಪ ಬೇಡವೆಂದರಂತೆ.

ನಮಗೆ ಆಗ ಬೇಸರವಾಗಿತ್ತು. ಹಕ್ಕಿಯ ಕೋವಿ ಹೋಗಿ ನೀರು ಪೈಪಿನಂಥ ಕೋವಿ ಬಂದಿತ್ತು. ಅಪ್ಪ ಏನು ನೋಡಿ ಅದನ್ನು ಆರಿಸಿದರು ಎಂಬುದು ಅರ್ಥವಾಗಲು ವರ್ಷಗಳು ಬೇಕಾದವು.

ನಂಬಿಕಸ್ತ ಕೋವಿ ಎಂದರೆ ಸಾಮಾನ್ಯವಾಗಿ ಏನು ಹೇಳುತ್ತೇವೆ? ಕುದುರೆ ಬಿದ್ದಾಗ ಹಾರಬೇಕು, ಟಿಸ್ ಎಂದು ಸುಮ್ಮನಾಗಬಾರದು. ಅದು ಅರ್ಧ ಮಾತು ಮಾತ್ರ. ಅಪ್ಪನ ಲೆಕ್ಕದಲ್ಲಿ ಇನ್ನರ್ಧ ಇದೆ: ಹಾರಬಾರದ ಹೊತ್ತಿನಲ್ಲಿ ಹಾರಕೂಡದು. ಮೊದಲನೆಯದು ತಪ್ಪಿದರೆ ಒಂದು ರಾತ್ರಿಯ ಜೋಳ ಹೋಗುತ್ತದೆ. ಎರಡನೆಯದು ತಪ್ಪಿದರೆ ಮಗು ಹೋಗುತ್ತದೆ.

ಒಂಟಿ ನಳಿಗೆಯ ಕೋವಿಯಲ್ಲಿ ಎರಡನ್ನೂ ಯಾರು ಬೇಕಾದರೂ ನೋಡಿ ತಿಳಿಯಬಹುದು. ಮಡಚಿದರೆ ನಳಿಗೆ ಬಾಗುತ್ತದೆ. ಹಿಂದಿನಿಂದ ಕಣ್ಣಿಟ್ಟರೆ ಒಂದೋ ತೋಟಾದ ಹಿತ್ತಾಳೆ ತಳ ಕಾಣುತ್ತದೆ, ಇಲ್ಲವೇ ಆ ತುದಿಯ ಬೆಳಕು ಕಾಣುತ್ತದೆ. ಮೂರನೆಯದೇನೂ ಇಲ್ಲ. ಅಪ್ಪ ಹೊಲದಿಂದ ಬಂದ ಕೂಡಲೇ ಹೊಸಿಲಾಚೆಯೇ ಕೋವಿ ಮಡಚಿ, ತೋಟಾ ತೆಗೆದು ಜೇಬಿಗೆ ಹಾಕಿ, ದೀಪದ ಕಡೆ ನಳಿಗೆ ಹಿಡಿದು ನೋಡುತ್ತಾರೆ. ಆಮೇಲೆ ಅಮ್ಮನ ಕೈಗೆ ಕೊಡದೆ, ಅವಳ ಕಣ್ಣಿನ ಮುಂದೆ ಹಿಡಿಯುತ್ತಾರೆ. ಅಮ್ಮ "ಬೆಳಕು ಕಂಡ್ತು" ಎಂದ ಮೇಲೇ ಅದು ಮನೆಯೊಳಗೆ ಬರುವುದು. ತೋಟಾ ಬೇರೆ ಪೆಟ್ಟಿಗೆಗೆ, ಕೋವಿ ಬೇರೆ ಬೀಗಕ್ಕೆ. ಇಪ್ಪತ್ತೆರಡು ವರ್ಷದಿಂದ ಒಂದು ದಿನವೂ ಈ ಶಾಸ್ತ್ರ ತಪ್ಪಿಲ್ಲ.

ಇನ್ನು ನಮ್ಮ ಮಲೆನಾಡಿನ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರಿನಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯದಿರುತ್ತದೆಯೇ? ಕೆತ್ತನೆಯ ಗೀರುಗಳಲ್ಲಿ ಮದ್ದಿನ ಮಸಿ, ಬೆವರು, ತೇವ ಹೋಗಿ ಕೂರುತ್ತವೆ. ಬಟ್ಟೆ ಅಲ್ಲಿಗೆ ಹೋಗುವುದಿಲ್ಲ. ನಿಕ್ಕಲ್ ಲೇಪದ ಹೊಳಪು ಇನ್ನೂ ಮೋಸ. ಲೇಪ ಒಂದು ಕಡೆ ಎದ್ದರೆ ತುಕ್ಕು ಅದರ ಅಡಿಯಲ್ಲೇ ಹರಿಯುತ್ತದೆ, ಮೇಲೆ ಹೊಳೆಯುತ್ತಲೇ ಇರುತ್ತದೆ. ಬೋಳು ಕಬ್ಬಿಣ ಹಾಗಲ್ಲ, ಕಾಯಿಲೆ ಬಂದರೆ ಮುಖದಲ್ಲೇ ತೋರಿಸುತ್ತದೆ. ಒಂದು ಹನಿ ಎಣ್ಣೆ, ಹಳೇ ಬನಿಯನ್ನಿನ ತುಂಡು ಸಾಕು.

ಆಯುಧಪೂಜೆಯಲ್ಲೂ ಅಪ್ಪನದೊಂದು ನಿಯಮ ಇದೆ. ಕುಂಕುಮ ಮರದ ಹಿಡಿಗೆ ಮಾತ್ರ, ನಳಿಗೆಗೆ ಇಲ್ಲ. ಅರಿಶಿನದ ನೀರು ತಾಗಿದಲ್ಲಿ ಮಾರನೇ ದಿನ ಕೆಂಪು ಚುಕ್ಕೆ ಏಳುವುದನ್ನು ಅವರು ಕಾರ್ಖಾನೆಯಲ್ಲೂ ನೋಡಿದ್ದರಂತೆ. "ದೇವ್ರಿಗೆ ಬೇಕಾಗಿರೋದು ಭಕ್ತಿ, ತುಕ್ಕಲ್ಲ" ಅನ್ನುತ್ತಾರೆ.

ತೋಟಾದ ಮಾತೂ ಅಷ್ಟೇ. ಹಿಂದೆ ಕಾಗದದ ಕವಚದ ತೋಟಾ ಬರುತ್ತಿತ್ತು. ತೇವ ಕುಡಿದು ಉಬ್ಬಿ ನಳಿಗೆಯೊಳಗೆ ಹೋಗದೆ ಸಿಕ್ಕಿಕೊಳ್ಳುತ್ತಿತ್ತು. ಪ್ಲಾಸ್ಟಿಕ್ ಕವಚ ಬಂದ ಮೇಲೆ ಆ ತೊಂದರೆ ಇಳಿಯಿತು. ಕೇಪಿನ ಕೋವಿಯವರ ಪಾಡು ಇನ್ನೂ ಹಳೆಯದೇ. ಕೇಪು ತಣ್ಣಗಾದರೆ ಮುಗಿಯಿತು. 12 ಬೋರ್ ಎಂದರೇನು ಎಂದು ಬಹಳ ಜನ ಕೇಳುತ್ತಾರೆ. ನಳಿಗೆಯ ಒಳಗಲದಷ್ಟೇ ದಪ್ಪದ 12 ಸೀಸದ ಗುಂಡು ಮಾಡಿದರೆ ಒಟ್ಟು ಒಂದು ಪೌಂಡು ತೂಗುತ್ತದೆ, ಅದಕ್ಕೆ ಆ ಹೆಸರು. ಹೆಸರಿನಲ್ಲೂ ಇರುವುದು ಅಳತೆಯೇ ಎಂದು ಅಪ್ಪನಿಗೆ ಖುಷಿ.

ಅಪ್ಪನಿಗೆ ಈಗ ಎಪ್ಪತ್ತು ದಾಟಿದೆ. ಕಣ್ಣಿಗೆ ಆಪರೇಷನ್ ಆಗಿದೆ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಇರುವವರಿಗೆ 70 ವರ್ಷ ತುಂಬಿದರೆ, ಅಥವಾ ಕೋವಿ ಇಟ್ಟುಕೊಂಡು 25 ವರ್ಷವಾದರೆ, ತಾವು ಬದುಕಿರುವಾಗಲೇ ತಮ್ಮ ವಾರಸುದಾರರೊಬ್ಬರಿಗೆ ಅದನ್ನು ವರ್ಗಾಯಿಸಲು ಕೇಳಿಕೊಳ್ಳಬಹುದು. ಹಾಗಾಗಿ ಮನೆಯಲ್ಲಿ ಎರಡು ಪ್ರಶ್ನೆ ಎದ್ದವು. ಯಾರ ಹೆಸರಿಗೆ? ಇದೇ ಕೋವಿ ಸಾಕೇ, ಇಲ್ಲ ಹೊಸದು ನೋಡೋಣವೇ?

ಹೊಸದು ಎಂಬ ಆಸೆ ನಮ್ಮದೇ. ಒಬ್ಬರು ಶಿವಮೊಗ್ಗದಲ್ಲಿ ಕೆಲಸ ಮಾಡಿ ರಾತ್ರಿ ಸ್ಕೂಟರ್‌ನಲ್ಲಿ ಕಾಡುದಾರಿಯಲ್ಲಿ ಬರುವವರು. ಸಣ್ಣದೊಂದು ಪಿಸ್ತೂಲು ಇದ್ದರೆ ಹೇಗೆ ಎಂಬ ಮಾತು ಬಂತು. ಸಿನಿಮಾ ನೋಡಿದ ತಲೆ ಬೇರೆ. ಅಪ್ಪ ಬೇಡ ಅನ್ನಲಿಲ್ಲ. "ಹೋಗಿ ನೋಡ್ಕಂಡು ಬನ್ನಿ" ಎಂದರು.

ಶಿವಮೊಗ್ಗದಲ್ಲಿ ಕೋವಿ ವ್ಯಾಪಾರದ ಹಿರಿಯರೊಬ್ಬರು ನಮಗೆ ಅರ್ಧ ದಿನ ಪಾಠ ಮಾಡಿದರು. ಮೊದಲ ಮಾತು: 9 ಎಂಎಂ ಪಿಸ್ತೂಲು ನಮ್ಮ ದೇಶದಲ್ಲಿ ಸಾಮಾನ್ಯ ಜನರಿಗೆ ನಿಷೇಧ, ಅದು ಪೊಲೀಸ್ ಮತ್ತು ಸೈನ್ಯದ ಅಳತೆ. ನಮ್ಮಂಥವರಿಗೆ ಲೈಸೆನ್ಸ್ ಸಿಕ್ಕಿದರೂ ಹೆಚ್ಚಾಗಿ .32 ಅಳತೆಯದೇ ಗತಿ. ಅದರಲ್ಲಿ ಎರಡು ಜಾತಿ, ರಿವಾಲ್ವರ್ ಮತ್ತು ಪಿಸ್ತೂಲು.

ರಿವಾಲ್ವರ್‌ನಲ್ಲಿ ಆರು ಮನೆಯ ಒಂದು ಉರುಳೆ. ಒಂದು ಗುಂಡು ಹಾರದೆ ಕೈಕೊಟ್ಟರೆ ಮತ್ತೆ ಟ್ರಿಗರ್ ಎಳೆಯಬೇಕು, ಉರುಳೆ ತಿರುಗಿ ಮುಂದಿನ ಗುಂಡು ಎದುರಿಗೆ ಬರುತ್ತದೆ. ಬಿಚ್ಚಿದರೆ ಆರು ಮನೆಯೂ ಕಣ್ಣಿಗೆ ಕಾಣುತ್ತವೆ. ಪಿಸ್ತೂಲು ಚಪ್ಪಟೆ, ಚೆಂದ, ಸೊಂಟಕ್ಕೆ ಹಗುರ. ಆದರೆ ಗುಂಡು ಕೈಕೊಟ್ಟರೆ ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆಳೆದು ಅದನ್ನು ಹೊರಗೆ ಹಾಕಬೇಕು. ಇನ್ನೂ ಒಂದು ಅಪಾಯವಿದೆ. ಹಿಡಿಯ ಕೆಳಗಿನಿಂದ ಮ್ಯಾಗಜೀನ್ ತೆಗೆದವರು ಪಿಸ್ತೂಲು ಖಾಲಿಯಾಯಿತು ಅಂದುಕೊಳ್ಳುತ್ತಾರೆ. ನಳಿಗೆಯ ಮನೆಯಲ್ಲಿ ಒಂದು ಗುಂಡು ಹಾಗೇ ಕೂತಿರುತ್ತದೆ. ಪಿಸ್ತೂಲು ಒರೆಸುವಾಗ ಗುಂಡು ಹಾರಿತು ಎಂಬ ಸುದ್ದಿಗಳನ್ನು ನಾವೇ ಎಷ್ಟು ಓದಿಲ್ಲ?

ಇಬ್ಬರೂ ಮುಖ ನೋಡಿಕೊಂಡೆವು. ಒಂದು ನಳಿಗೆ ಹಾರಿಸಿ ಇನ್ನೊಂದನ್ನು ಮರೆತ ದೊಡ್ಡಪ್ಪ ನೆನಪಾದರು.

ಹಿರಿಯರು ಒಂದು ಕಥೆಯನ್ನೂ ಹೇಳಿದರು. 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗೆಂದೇ 'ನಿರ್ಭೀಕ್' ಎಂಬ .32 ರಿವಾಲ್ವರ್ ತಂದಿತು. ಟೈಟಾನಿಯಂ ಮಿಶ್ರಲೋಹ, ತೂಕ ಸುಮಾರು 500 ಗ್ರಾಂ, ಬೆಲೆ 1.22 ಲಕ್ಷ ರೂಪಾಯಿ ದಾಟಿತ್ತು. ಒಡವೆ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಿದ್ದರು. ಒಳಗಿನ ಕೆಲಸ ಮಾತ್ರ ಅದೇ ಕಾರ್ಖಾನೆಯ ಹಳೇ ರಿವಾಲ್ವರ್‌ನಂಥದ್ದೇ. "ಪೆಟ್ಟಿಗೆ ಚೆಂದ ಇದ್ರೆ ಬೀರುನಲ್ಲಿ ಇರ್ತದೆ. ಬೀರುನಲ್ಲಿ ಇದ್ದಿದ್ದು ದಾರಿಯಲ್ಲಿ ಕಾಯಲ್ಲ. ಚೀಲದಲ್ಲಿ ಇಟ್ಕೊಂಡ್ರೆ ಕಿತ್ಕೊಳ್ಳೋ ಭಯ" ಎಂದರು. ವ್ಯಾಪಾರಿಯ ಬಾಯಲ್ಲಿ ಇಂಥ ಮಾತು ಬಂದದ್ದು ನಮಗೆ ಆಶ್ಚರ್ಯ.

ಬಂದೂಕು ಬದುಕಿನ ಭಾಗವಾದವರನ್ನು ಕೇಳಿ ನೋಡೋಣ ಎಂದು ಬ್ಯಾಂಕಿನ ಬಾಗಿಲು ಕಾಯುವ ಒಬ್ಬ ಮಾಜಿ ಸೈನಿಕರನ್ನು ಮಾತಾಡಿಸಿದೆವು. ಅವರ ಕೈಯಲ್ಲಿದ್ದದ್ದೂ ಸಾದಾ 12 ಬೋರ್. ಸೈನ್ಯದಲ್ಲಿ ಯಾರೂ ಬಂದೂಕಿನ ಚೆಂದ ಮಾತಾಡುವುದಿಲ್ಲ, ಕಣ್ಣು ಮುಚ್ಚಿ ಬಿಚ್ಚಿ ಜೋಡಿಸಲು ಬರುತ್ತದೆಯೇ ಎಂದಷ್ಟೇ ಕೇಳುತ್ತಾರೆ ಎಂದರು. ಆಸ್ಟ್ರಿಯಾ ದೇಶದ ಗ್ಲಾಕ್ ಎಂಬ ಪಿಸ್ತೂಲಿನ ಕಥೆ ಅವರಿಗೆ ಗೊತ್ತಿತ್ತು. ಅದನ್ನು ಮಾಡಿದ ಗ್ಯಾಸ್ಟನ್ ಗ್ಲಾಕ್ ಮೊದಲು ಕಿಟಕಿ ಪರದೆಯ ಸರಳು, ಚಾಕು ಇತ್ಯಾದಿ ಮಾಡುತ್ತಿದ್ದವರು. 1982ರಲ್ಲಿ ಆ ದೇಶದ ಸೈನ್ಯ ಅವರ ಪಿಸ್ತೂಲನ್ನು ಆರಿಸಿಕೊಂಡಿತು. ಪ್ಲಾಸ್ಟಿಕ್ಕಿನ ಹಿಡಿ, ಇಟ್ಟಿಗೆಯಂಥ ಆಕಾರ, ಬರೀ ಕಪ್ಪು. ನೋಡಿದವರು ಕುರೂಪ ಎಂದರು. ಆದರೆ ಬಿಡಿಭಾಗ ಕಡಿಮೆ, ಕೆಡುವುದು ಕಡಿಮೆ. ಇವತ್ತು ಎಷ್ಟೋ ದೇಶಗಳ ಪೊಲೀಸರ ಸೊಂಟದಲ್ಲಿ ಇರುವುದು ಅದೇ.

ಊರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ತುಂಗೆಯ ದಡದ ಶಿವಪ್ಪನಾಯಕ ಅರಮನೆಗೆ ಹೋದೆವು. ಅಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ, ನೀವು ಶಾಲೆಯಿಂದ ಹೋಗಿರುತ್ತೀರಿ. ಹೊಸನಗರ ತಾಲೂಕಿನ ನಗರದಲ್ಲಿ ಸಿಕ್ಕ ರಾಕೆಟ್‌ಗಳ ನೆನಪು ಬಂದದ್ದೇ ಅಲ್ಲಿಗೆ ಹೋಗಲು ಕಾರಣ. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು 1763ರಲ್ಲಿ ಹೈದರಾಲಿ ಗೆದ್ದ. ಅದೇ ಇಂದಿನ ನಗರ. ಅಲ್ಲಿಯ ಕೋಟೆಯ ಒಂದು ಒಣಬಾವಿಯಿಂದ 2018ರ ಜುಲೈನಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಯುದ್ಧ ರಾಕೆಟ್‌ಗಳು ಹೊರಬಂದವು. ಕಬ್ಬಿಣದ ಕೊಳವೆ, ಒಳಗೆ ಮದ್ದು, ಅಷ್ಟೇ. ಹೂವಿಲ್ಲ, ಹುಲಿಯಿಲ್ಲ. ನೋಡಿದರೆ ತುಕ್ಕು ಹಿಡಿದ ಪೈಪಿನ ತುಂಡು.

ಅದೇ ಟಿಪ್ಪುವಿಗೆ ಬಂಗಾರ, ಬೆಳ್ಳಿ, ಹುಲಿಮುಖ ಕೂರಿಸಿದ ಬಂದೂಕುಗಳೂ, ಖಡ್ಗಗಳೂ ಇದ್ದವು. ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಇಂಗ್ಲೆಂಡಿಗೆ ಹೋದವು. ಅವನ ಮಲಗುವ ಕೋಣೆಯ ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಹೋಯಿತು. ಕಬ್ಬಿಣದ ಕೊಳವೆಗಳನ್ನು ಯಾರೂ ಹರಾಜು ಹಾಕಲಿಲ್ಲ. ಆದರೆ ಯುದ್ಧದಲ್ಲಿ ಇಂಗ್ಲಿಷರು ಹೆದರಿದ್ದು ಆ ಕೊಳವೆಗಳಿಗೆ. ಬಿದಿರು, ಕಾಗದದ ಕವಚಕ್ಕಿಂತ ಕಬ್ಬಿಣದ ಕವಚ ಒಳಗಿನ ಒತ್ತಡವನ್ನು ತಡೆದುಕೊಳ್ಳುತ್ತಿದ್ದುದರಿಂದ ಅವು ಹೆಚ್ಚು ದೂರ ಹೋಗುತ್ತಿದ್ದವು. ಅವುಗಳನ್ನು ನೋಡಿಯೇ ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. ನಾವು ಗಾಜಿನ ಮುಂದೆ ನಿಂತು ಮನೆಯ ಪೈಪಿನಂಥ ಕೋವಿಯನ್ನು ನೆನೆದು ನಕ್ಕೆವು.

ಕಾನೂನು ಕೂಡ ಸಾದಾ ಕೋವಿಯ ಕಡೆಗೇ ಇದೆ. 1959ರ ಆಯುಧ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆ ಮೊದಲು ಹೇಳುವುದು ಕೇಪಿನ ಕೋವಿಯಂಥ, ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಅನಿಸಿದರೆ ಮಾತ್ರ ತೋಟಾ ಹಾಕುವ ಕೋವಿ. ಬೆಳೆ ಕಾಯಲು ಪಿಸ್ತೂಲು ಎಂಬ ಮಾತೇ ಇಲ್ಲ. 2019ರ ತಿದ್ದುಪಡಿ ಒಬ್ಬರಿಗೆ ಮೂರು ಆಯುಧ ಇದ್ದದ್ದನ್ನು ಎರಡಕ್ಕೆ ಇಳಿಸಿತು, ಲೈಸೆನ್ಸ್ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಮದುವೆ, ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಎಂದಿತು. ಮದುವೆ ಮನೆಗೆ ಯಾರೂ ತಗಡಿನ ಪಟ್ಟಿ ಹೊಡೆದ ಒಂಟಿ ನಳಿಗೆ ಒಯ್ಯುವುದಿಲ್ಲ. ಹೊಳೆಯುವುದೇ ಹೊರಗೆ ಬರಬೇಕೆನ್ನುತ್ತದೆ. ನಮ್ಮ ಮನೆಯಲ್ಲಿ ಕಾಫಿಗಿಂತ ಮೊದಲು ಹೊರಬರುತ್ತಿದ್ದದ್ದು ಹಕ್ಕಿಯ ಕೋವಿ. ಈಗಿನದನ್ನು ನೆಂಟರು ನೋಡಿಯೇ ಇಲ್ಲ.

ಬೆಳೆ ಕಾಯುವ ಲೈಸೆನ್ಸ್ ಎಂದರೆ ಬೇಟೆಯ ಲೈಸೆನ್ಸ್ ಅಲ್ಲ ಎಂಬುದನ್ನೂ ಹೇಳಬೇಕು. 1972ರ ವನ್ಯಜೀವಿ ಕಾಯ್ದೆ ಇದೆ. ಅನುಮತಿ ಇಲ್ಲದೆ ಹಂದಿ ಹೊಡೆದರೂ ಅಪರಾಧ, ಆನೆಯ ಮಾತು ಕೇಳಲೇಬೇಡಿ. ನಮ್ಮ ಮನೆಯ ಕೋವಿ ಇಪ್ಪತ್ತೆರಡು ವರ್ಷದಲ್ಲಿ ಒಂದು ಪ್ರಾಣಿಯನ್ನೂ ಕೊಂದಿಲ್ಲ. ಅದರ ಕೆಲಸ ಸದ್ದು. ಹಂದಿಗೆ ಸದ್ದು ಕೇಳಿಸುತ್ತದೆ, ಕೆತ್ತನೆ ಕಾಣಿಸುವುದಿಲ್ಲ. ಲೈಸೆನ್ಸ್ ಇಲ್ಲದ ಕಳ್ಳಕೋವಿ ಇಟ್ಟುಕೊಂಡವರು ನಿಮ್ಮ ಪೈಕಿ ಯಾರಾದರೂ ಇದ್ದರೆ ನಮ್ಮ ಮನೆಯ ತೊಲೆಯನ್ನು ಒಮ್ಮೆ ಬಂದು ನೋಡಿ. ಕಾಗದ ಇದ್ದ ಕೋವಿಯೇ ಅಷ್ಟು ಮಾಡಿತು. ಯಾರೋ ಶೆಡ್ಡಿನಲ್ಲಿ ಬೆಸೆದ ನಳಿಗೆ ಸಿಡಿಯುವುದು ಹಿಡಿದವರ ಮುಖಕ್ಕೇ.

ಮನೆಗೆ ಬಂದು ಅಪ್ಪನಿಗೆ ಎಲ್ಲ ವರದಿ ಒಪ್ಪಿಸಿದೆವು. ಪಿಸ್ತೂಲಿನ ಮಾತು ಅಲ್ಲಿಗೇ ಬಿತ್ತು. ಕಾಡುದಾರಿಗೆ ಸ್ಕೂಟರ್‌ನ ಲೈಟು ಬದಲಾಯಿಸಿದೆವು, ಸಂಜೆ ಬಸ್ಸಿನ ಹೊತ್ತಿಗೆ ಹೊರಡುವುದೆಂದು ಗೊತ್ತು ಮಾಡಿದೆವು. ಕೋವಿ ಇದೇ ಇರಲಿ ಎಂದಾಯಿತು. ಉಳಿದದ್ದು ಮೊದಲನೇ ಪ್ರಶ್ನೆ. ಯಾರ ಹೆಸರಿಗೆ?

ಆಗ ನಮ್ಮಲ್ಲೊಬ್ಬರು ಇಪ್ಪತ್ತು ವರ್ಷದಿಂದ ಹೇಳದೆ ಉಳಿಸಿಕೊಂಡದ್ದನ್ನು ಹೇಳಿಬಿಟ್ಟೆವು. ಅವತ್ತು ಕೋವಿ ಎತ್ತಿದ್ದು ನಾನು, ನನ್ನ ಹೆಸರಿಗೆ ಬೇಡ, ಇವತ್ತಿಗೂ ಅದನ್ನು ಮುಟ್ಟಿದರೆ ಕೈ ತಣ್ಣಗಾಗುತ್ತದೆ ಎಂದು.

ಅಮ್ಮ ಅಡಿಕೆ ಸುಲಿಯುತ್ತಿದ್ದವಳು ತಲೆಯೆತ್ತಲಿಲ್ಲ. "ಗೊತ್ತಿತ್ತು" ಎಂದಳು. "ಅವತ್ತು ಸಂಜೆ ಮೀಸುವಾಗ ಪಕ್ಕೆ ಮೇಲೆ ಕಂದಿದ್ದು ನೋಡಿದ್ದೆ. ಕೋವಿ ಒದ್ದ ಗುರುತು." ಅಪ್ಪನಿಗೂ ಅವತ್ತೇ ಹೇಳಿದ್ದಳಂತೆ. ಇಬ್ಬರೂ ಇಷ್ಟು ವರ್ಷ ಕೇಳಿರಲಿಲ್ಲ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಆ ಹೆಸರಿಗೇ ಅರ್ಜಿ ಹಾಕಿ ಎಂದರು. "ಹೆದರಿಕೆ ನೆನಪಿದ್ದೋರು ಎರಡು ಸಲ ನೋಡ್ತಾರೆ. ಮರೆತೋರು ಒಂದು ಸಲವೂ ನೋಡಲ್ಲ."

ಅರ್ಜಿ ಹಾಕಿದ್ದೇವೆ. ಪೊಲೀಸ್ ವರದಿ, ತರಬೇತಿ ಪತ್ರ, ಜಿಲ್ಲಾಧಿಕಾರಿ ಕಚೇರಿಯ ಸಹಿ ಎಲ್ಲ ಆಗಬೇಕು, ನಿಧಾನವಾಗಿ ಆಗಲಿ. ಅಲ್ಲಿಯವರೆಗೆ ಕೋವಿ ಅಪ್ಪನದೇ. ನಿನ್ನೆ ರಾತ್ರಿಯೂ ಅವರು ಹೊಲದಿಂದ ಬಂದು ಹೊಸಿಲಾಚೆ ನಿಂತು ಕೋವಿ ಮಡಚಿದರು. ತೋಟಾ ಜೇಬಿಗೆ ಹೋಯಿತು. ನಳಿಗೆಯನ್ನು ದೀಪದ ಕಡೆ ಹಿಡಿದು ಮೊದಲು ತಾವು ನೋಡಿದರು, ಆಮೇಲೆ ಅಮ್ಮನ ಬದಲು ನಮ್ಮ ಕಡೆ ತಿರುಗಿಸಿದರು. ಇಬ್ಬರೂ ಒಬ್ಬರಾದ ಮೇಲೊಬ್ಬರು ಬಗ್ಗಿ ನೋಡಿದೆವು.

ಬೆಳಕು ಕಂಡಿತು.